ಕೊಡಗಿನ ಗ್ರಂಥಾಲಯಗಳಲ್ಲಿ ಮಕ್ಕಳಿಗೂ ದೊಡ್ಡವರಿಗೂ ಕಾರ್ಯಕ್ರಮ: ಯಾವ ದಿನ, ಯಾವ ಹೊತ್ತು, ಯಾವ ಭಾಷೆ?

ಹಾರಂಗಿ ದಡದವಳು

ಎಲ್ಲರಿಗೂ ನಮಸ್ಕಾರ. ನಾನು ಕುಶಾಲನಗರದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಪಂಚಾಯತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯತಿ ಗ್ರಂಥಾಲಯದಲ್ಲಿ, ಮಕ್ಕಳಿಗೆ ಕಥೆ ಹೇಳುವ ಕೂಟವನ್ನೂ ದೊಡ್ಡವರು ಓದಿ ಮಾತನಾಡುವ ಕೂಟವನ್ನೂ ವರ್ಷವಿಡೀ ನಡೆಸಬೇಕೆಂದು ನಾವು ಕೆಲವರು ಹೊರಟಿದ್ದೇವೆ. ಜಿಲ್ಲೆಯ ಬೇರೆ ಊರುಗಳವರ ಅನುಭವ ಬೇಕಾಗಿದೆ, ಅದಕ್ಕೇ ಈ ಚರ್ಚೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗ್ರಂಥಾಲಯಗಳಲ್ಲಿ ದೊಡ್ಡ ಕಾರ್ಯಕ್ರಮ ನಡೆಯುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಒಂದು ಆಗಸ್ಟ್ 12, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನ. ಇನ್ನೊಂದು ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ದೇಶಕ್ಕೆಲ್ಲ ಈ ದಿನಗಳು ಸರಿ. ಆದರೆ ನಮ್ಮ ಜಿಲ್ಲೆಗೆ? ಆಗಸ್ಟ್ ಎಂದರೆ ಜಡಿಮಳೆ, ಮಕ್ಕಳಿಗೆ ಯಾವ ದಿನ ಮಳೆ ರಜೆ ಬರುತ್ತದೆಂದು ಹಿಂದಿನ ರಾತ್ರಿಯವರೆಗೂ ತಿಳಿಯುವುದಿಲ್ಲ. ನವೆಂಬರ್ ಮಧ್ಯಭಾಗ ಎಂದರೆ ಅರೇಬಿಕಾ ಕಾಫಿ ಹಣ್ಣಾಗುವ ಹೊತ್ತು, ಅದರ ಬೆನ್ನಿಗೆ ಸುಗ್ಗಿಯ ಹಬ್ಬ ಪುತ್ತರಿ. ದೊಡ್ಡವರು ಯಾರೂ ಬಿಡುವಾಗಿರುವುದಿಲ್ಲ. ಕೊನೆಗೆ ಹತ್ತಿರದ ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸುತ್ತಾರೆ, ಅತಿಥಿಗಳು ಒಬ್ಬರಾದ ಮೇಲೆ ಒಬ್ಬರು ಮಾತನಾಡುತ್ತಾರೆ, ಸಿಹಿ ಹಂಚುತ್ತಾರೆ. ಪುಸ್ತಕಗಳು ಬೀರುವಿನೊಳಗೇ ಉಳಿಯುತ್ತವೆ. ಓದುವುದರ ಮಹತ್ವದ ಬಗ್ಗೆ ಒಂದೂವರೆ ಗಂಟೆ ಕೇಳಿದ ಮಗು ಒಂದು ಪುಸ್ತಕವನ್ನೂ ಕೈಯಲ್ಲಿ ಹಿಡಿಯದೆ ಮನೆಗೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನನ್ನ ವಾದ ಇಷ್ಟು. ಕಾರ್ಯಕ್ರಮದ ದಿನವನ್ನು ಮಳೆ, ಕಾಫಿ, ಬಸ್ಸು, ಸಂತೆ ನೋಡಿ ಇಡಬೇಕು. ಸಣ್ಣದಾಗಿರಲಿ, ಆದರೆ ತಪ್ಪದೆ ನಡೆಯಲಿ. ಪ್ರತಿ ಸಲವೂ ಬಂದವರ ಚೀಲದಲ್ಲಿ ಒಂದು ಪುಸ್ತಕ ಮನೆಗೆ ಹೋಗಲಿ. ನಿಮ್ಮ ಊರಿನಲ್ಲಿ ಯಾವ ಹೊತ್ತಿಗೆ ಜನ ಸೇರುತ್ತಾರೆ, ಏನು ಮಾಡಿದರೆ ಮಕ್ಕಳು ಮತ್ತೆ ಬರುತ್ತಾರೆ, ದಯವಿಟ್ಟು ಬರೆಯಿರಿ.

ತೋಟದ ರೈಟರ್, ಸಿದ್ದಾಪುರ

ಮೇಡಂ, ಮಳೆ, ಕಾಫಿ, ಬಸ್ಸು, ಸಂತೆ ಎಂದಿರಿ. ಅದರ ಜೊತೆಗೆ ಆನೆಯನ್ನೂ ಸೇರಿಸಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಸಂಜೆ ಐದರ ನಂತರ ತೋಟದ ದಾರಿಯಲ್ಲಿ ಮಕ್ಕಳನ್ನು ಕಳುಹಿಸುವ ಧೈರ್ಯ ಯಾವ ತಂದೆತಾಯಿಗೂ ಇಲ್ಲ. ಪಟ್ಟಣದವರು ಇಡುವ ‘ಸಂಜೆ ಆರಕ್ಕೆ ಸಾಂಸ್ಕೃತಿಕ ಕಾರ್ಯಕ್ರಮ’ ನಮಗೆ ಇಲ್ಲದಂತೆಯೇ. ಮೂರೂವರೆಗೆ ಮುಗಿಯಬೇಕು, ನಾಲ್ಕೂವರೆಯೊಳಗೆ ಮಕ್ಕಳು ಮನೆಯಲ್ಲಿರಬೇಕು. ಶನಿವಾರ ಶಾಲೆ ಬೆಳಗ್ಗೆಯೇ ಮುಗಿಯುವುದರಿಂದ ಊಟದ ನಂತರದ ಹೊತ್ತು ಸರಿಹೊಂದುತ್ತದೆ. ಭಾನುವಾರ ಬೇಡ. ನಮ್ಮ ಕಡೆಯ ಕೂಲಿಕಾರರಿಗೆ ವಾರದ ಸಾಮಾನು ತರುವ ದಿನ ಅದು, ಮಕ್ಕಳೂ ಜೊತೆಯಲ್ಲಿ ಹೊರಡುತ್ತಾರೆ.

ಇನ್ನೊಂದು ಮಾತು ಲೈನ್ ಮನೆಯ, ಅಂದರೆ ತೋಟದ ಕೂಲಿಕಾರರ ಸಾಲುಮನೆಯ ಮಕ್ಕಳದ್ದು. ಈಗ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ, ತಮಿಳು ಮಾತನಾಡುವವರಿದ್ದಾರೆ, ಹಾಡಿಗಳಿಂದ ಬರುವ ಯರವರು, ಜೇನು ಕುರುಬರಿದ್ದಾರೆ. ಆ ಮಕ್ಕಳು ಗ್ರಂಥಾಲಯದ ಬಾಗಿಲಿನವರೆಗೆ ಬಂದು ನಿಲ್ಲುತ್ತಾರೆ, ಒಳಗೆ ಕಾಲಿಡುವುದಿಲ್ಲ. ಚಪ್ಪಲಿ ಇಲ್ಲವೆಂದು ನಾಚುವವರಿದ್ದಾರೆ, ಕನ್ನಡ ಸರಿಯಾಗಿ ಬಾರದೆಂದು ಹೆದರುವವರಿದ್ದಾರೆ. ನಾವು ಒಮ್ಮೆ ತೋಟದ ಕಾಫಿ ಕಣದಲ್ಲೇ ಚಾಪೆ ಹಾಸಿ, ಅಕ್ಷರಗಳೇ ಇಲ್ಲದ ಚಿತ್ರಪುಸ್ತಕಗಳನ್ನು ಹರಡಿ ಸುಮ್ಮನೆ ಕುಳಿತೆವು. ಅರ್ಧ ಗಂಟೆಯಲ್ಲಿ ಒಂದೊಂದು ಮಗುವೂ ತನ್ನ ಭಾಷೆಯಲ್ಲಿ ಚಿತ್ರದ ಕಥೆ ಹೇಳತೊಡಗಿತು. ಯಾರಿಗೆ ಯಾರ ಮಾತು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ನಗುವುದು ಮಾತ್ರ ಎಲ್ಲರೂ ಒಟ್ಟಿಗೇ ನಕ್ಕರು. ಆ ಮಕ್ಕಳಲ್ಲಿ ಕೆಲವರು ಆಮೇಲೆ ತಾವಾಗಿಯೇ ಗ್ರಂಥಾಲಯಕ್ಕೆ ಬಂದರು. ಮೊದಲು ಪುಸ್ತಕ ಅವರಿದ್ದಲ್ಲಿಗೆ ಹೋಗಬೇಕು ಎನ್ನುವುದು ನನ್ನ ಅನುಭವ.

ಗ್ರಾಮೀಣ ಗ್ರಂಥಾಲಯ ಮೇಲ್ವಿಚಾರಕಿ

ಹೊರಗಿನವರಿಗೆ ಗೊತ್ತಿರದ ಕೆಲವು ವಿಷಯಗಳನ್ನು ಒಳಗಿನಿಂದ ಹೇಳುತ್ತೇನೆ.

2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ ಮಕ್ಕಳನ್ನು ಓದಿಗೆ ಸೆಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಇದನ್ನು ತಿಳಿಯದ ತಂದೆತಾಯಿಗಳು ಇಂದಿಗೂ ‘ಠೇವಣಿ ಎಷ್ಟು ಕಟ್ಟಬೇಕು’ ಎಂದು ಕೇಳುತ್ತಾರೆ. ಹಾಗಾಗಿ ಯಾವ ಕಾರ್ಯಕ್ರಮವಾದರೂ ಬಾಗಿಲಲ್ಲಿ ಒಂದು ಮೇಜು ಹಾಕಿ ಅಲ್ಲೇ ಸದಸ್ಯತ್ವ ಮಾಡಿಸಿ. ನಾಳೆ ಬನ್ನಿ ಎಂದರೆ ಬರುವುದಿಲ್ಲ.

ಹಣದ ವಿಷಯ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರುತ್ತದೆ. ನೀವು ಕಟ್ಟಿದ ತೆರಿಗೆಯ ರಸೀದಿಯನ್ನೊಮ್ಮೆ ನೋಡಿ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಜೊತೆಗೆ ‘ನಮ್ಮ ಗ್ರಂಥಾಲಯಕ್ಕೆ ಈ ವರ್ಷ ಎಷ್ಟು ಬಂತು, ಏನು ತಂದಿರಿ’ ಎಂದು ಒಬ್ಬರು ಎದ್ದುನಿಂತು ಕೇಳಿದರೆ ನನ್ನಂಥವಳಿಗೆ ಆನೆಬಲ ಬರುತ್ತದೆ. ನಾನೇ ಕೇಳಿದರೆ ಸಿಬ್ಬಂದಿಯ ಬೇಡಿಕೆಯಾಗುತ್ತದೆ, ನೀವು ಕೇಳಿದರೆ ಊರಿನ ಬೇಡಿಕೆಯಾಗುತ್ತದೆ.

ಶಿಕ್ಷಕಿಯವರು ಬೀರುವಿನ ಮಾತೆತ್ತಿದರು. ಬೀರುವಿಗೆ ಬೀಗ ಹಾಕುವುದರ ಹಿಂದೆ ಭಯವಿದೆ. ಪುಸ್ತಕ ಕಳೆದರೆ ದಾಸ್ತಾನು ಪುಸ್ತಕ ತೆರೆದು ಉತ್ತರ ಹೇಳಬೇಕಾದವಳು ಮೇಲ್ವಿಚಾರಕಿ. ಮಕ್ಕಳ ಕೈಗೆ ಕೊಟ್ಟ ಪುಸ್ತಕ ಹರಿಯುತ್ತದೆ, ನೆನೆಯುತ್ತದೆ, ತಂಗಿ ಅದರಲ್ಲಿ ಚಿತ್ರ ಬರೆಯುತ್ತಾಳೆ. ಓದಿಸಿಕೊಂಡು ಹರಿದ ಪುಸ್ತಕ ಕೆಲಸ ಮಾಡಿದ ಪುಸ್ತಕ ಎಂದು ಊರಿನವರೂ ಪಂಚಾಯತಿಯವರೂ ಒಪ್ಪಿಕೊಂಡರೆ ಬೀಗ ತಾನಾಗಿ ತೆರೆಯುತ್ತದೆ. ನಮ್ಮಲ್ಲಿ ಹೈಸ್ಕೂಲಿನ ಹುಡುಗಿಯರೇ ಸೂಜಿದಾರ, ಅಂಟು ಹಿಡಿದು ಹರಿದ ಪುಸ್ತಕಗಳನ್ನು ಸರಿಮಾಡುತ್ತಾರೆ. ಅದೇ ಒಂದು ಕಾರ್ಯಕ್ರಮವಾಗಿಬಿಟ್ಟಿದೆ.

ನಿವೃತ್ತ ಅಧ್ಯಾಪಕ, ವಿರಾಜಪೇಟೆ

ತಂಗಿ, ದೊಡ್ಡವರ ಕೂಟಕ್ಕೆ ಯಾವ ತಿಂಗಳು ಎಂದು ಕೇಳಿದ್ದೀರಿ. ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಕಾಫಿ ಕೊಯ್ಲಿಗೆ ಮೊದಲು. ಸೆಪ್ಟೆಂಬರ್ ಆರಂಭಕ್ಕೆ ನಾಟಿ ಮುಗಿದಿರುತ್ತದೆ, ನೇಗಿಲು ನೊಗ ತೊಳೆದು ಇಟ್ಟಿರುತ್ತಾರೆ, ಮಳೆ ಹಿಂದೆ ಸರಿಯುತ್ತಿರುತ್ತದೆ. ಅಕ್ಟೋಬರ್ 17ರ ಆಸುಪಾಸಿನ ಕಾವೇರಿ ಸಂಕ್ರಮಣ ಬಿಟ್ಟರೆ ಆ ಎರಡು ತಿಂಗಳು ಹಳ್ಳಿಗಳಲ್ಲಿ ಮನುಷ್ಯರು ಕುಳಿತು ಮಾತನಾಡುವ ಕಾಲ. ನಮ್ಮ ದಕ್ಷಿಣ ಕೊಡಗಿನಲ್ಲಿ ರೋಬಸ್ಟಾ ಹೆಚ್ಚು, ಅದರ ಕೊಯ್ಲು ಜನವರಿಗೆ ಜೋರಾಗುತ್ತದೆ. ಆದ್ದರಿಂದ ನಮಗೆ ಡಿಸೆಂಬರಿನಲ್ಲೂ ಒಂದಿಷ್ಟು ಅವಕಾಶವಿದೆ. ಸೋಮವಾರಪೇಟೆಯ ಕಡೆಯ ಅರೇಬಿಕಾದವರಿಗೆ ಅದಿಲ್ಲ. ಜಿಲ್ಲೆಗೆಲ್ಲ ಒಂದೇ ವೇಳಾಪಟ್ಟಿ ಮಾಡಲು ಹೊರಟರೆ ಸೋಲುತ್ತೀರಿ. ಏಪ್ರಿಲ್, ಮೇ ತಿಂಗಳಲ್ಲಿ ದೊಡ್ಡವರಿಗೆ ಏನನ್ನೂ ಇಡಬೇಡಿ. ಮದುವೆಗಳಿವೆ, 1997ರಿಂದ ಈಚೆಗೆ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿಯೂ ಇದೆ. ಆ ಎರಡು ತಿಂಗಳು ಪೂರ್ತಿಯಾಗಿ ಮಕ್ಕಳ ಬೇಸಿಗೆ ಶಿಬಿರಕ್ಕೆ ಬಿಟ್ಟುಕೊಡಿ.

ಇನ್ನು ಭಾಷೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಪಾಠ ಕೇಳುತ್ತಾರೆ. ಗ್ರಂಥಾಲಯದಲ್ಲಾದರೂ ಅಜ್ಜಿಯ ಭಾಷೆಗೆ ಜಾಗವಿರಲಿ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಅಚ್ಚು ಹಾಕಿಸಿದ್ದು ಕನ್ನಡ ಲಿಪಿಯಲ್ಲಿಯೇ. ಕನ್ನಡ ಓದಬಲ್ಲ ಯಾವ ಮಗುವಾದರೂ ಅದನ್ನು ಬಾಯಿಬಿಟ್ಟು ಓದಬಹುದು. ಪಕ್ಕದಲ್ಲಿ ದುಡಿ ಹಿಡಿದ ಹಿರಿಯರೊಬ್ಬರು ಕುಳಿತು ಅದನ್ನೇ ಹಾಡಿ ತೋರಿಸಲಿ, ಅಚ್ಚಾದ ಸಾಲು ಹಾಡಾಗುವುದನ್ನು ಮಕ್ಕಳು ಕಣ್ಣಾರೆ ಕಾಣಲಿ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ 1994ರಿಂದ ಇದೆ, ಆಮೇಲೆ ಅರೆಭಾಷೆಗೂ ಅಕಾಡೆಮಿಯಾಯಿತು. ಎರಡೂ ಕಡೆ ಪುಸ್ತಕಗಳಿವೆ, ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಒಂದು ಪತ್ರ ಬರೆಯುವ ಶ್ರಮ ನಮ್ಮದು.

ಓದುವ ಕೂಟದಲ್ಲಿ ಪುಸ್ತಕದ ಪ್ರತಿ ಒಂದೇ ಇರುತ್ತದೆ, ಓದುವವರು ಹದಿನೈದು ಮಂದಿ, ಇದು ಎಲ್ಲರಿಗೂ ಬರುವ ತೊಡಕು. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಕ್ಕೆ ಹಕ್ಕುಸ್ವಾಮ್ಯ ಇರುವುದಿಲ್ಲ. ಕಥೆಗಾರ್ತಿ ಕೊಡಗಿನ ಗೌರಮ್ಮ ತೀರಿಕೊಂಡದ್ದು 1939ರಲ್ಲಿ. ಹಾಗಾಗಿ ಅವರ ಒಂದು ಕಥೆಯನ್ನು ನಕಲು ಮಾಡಿಸಿ ಹದಿನೈದು ಮಂದಿಗೂ ಒಂದು ವಾರ ಮೊದಲೇ ಹಂಚಲು ಅಡ್ಡಿಯಿಲ್ಲ. ನಮ್ಮ ಬೀದಿಯ ಹೆಂಗಸರು ಹಾಗೆ ಓದಿ ಬಂದು ಮಾತಿಗೆ ಕುಳಿತರು. ವಿಧವೆಯರ ಬದುಕು, ಹೆಣ್ಣುಮಕ್ಕಳ ಓದು ಎಂದು ಆರಂಭವಾದದ್ದು ತಮ್ಮ ತಮ್ಮ ಅತ್ತೆಯರ, ಅಜ್ಜಿಯರ ಕಥೆಗಳವರೆಗೆ ಹೋಯಿತು. ಅಧ್ಯಕ್ಷರು, ಮುಖ್ಯ ಅತಿಥಿಗಳು ಯಾರೂ ಇರಲಿಲ್ಲ. ಅಷ್ಟು ಚೆನ್ನಾಗಿ ನಡೆದ ಸಾಹಿತ್ಯ ಸಭೆಯನ್ನು ನಾನು ಕಡಿಮೆ ನೋಡಿದ್ದೇನೆ.

ಮಡಿಕೇರಿ, ಕೋಟೆ ಹತ್ತಿರ

ಸಣ್ಣ ಕೂಟಗಳ ಬಗ್ಗೆ ಎಲ್ಲರೂ ಬರೆಯುತ್ತಿದ್ದೀರಿ, ನಾನು ಸ್ವಲ್ಪ ಎದುರು ನಿಲ್ಲುತ್ತೇನೆ. ದೊಡ್ಡ ಸಮಾರಂಭಗಳನ್ನು ಅಷ್ಟು ಕೀಳಾಗಿ ಕಾಣಬೇಡಿ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ 1932ರಲ್ಲಿ ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ನಡೆಯಿತು, 1981ರಲ್ಲಿ ಮತ್ತೊಮ್ಮೆ ನಡೆಯಿತು, 2014ರ ಜನವರಿಯಲ್ಲಿ ನಾ. ಡಿಸೋಜ ಅವರ ಅಧ್ಯಕ್ಷತೆಯಲ್ಲಿ 80ನೆಯದು ನಡೆಯಿತು. 2014ರಲ್ಲಿ ಪುಸ್ತಕದ ಮಳಿಗೆಗಳ ಮುಂದೆ ಹಳ್ಳಿಗಳಿಂದ ಬಂದ ಜನ ಚೀಲ ತುಂಬಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ನಮ್ಮ ಮನೆಯ ಕಪಾಟಿನ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದವು. ದೊಡ್ಡ ಜನಸಂದಣಿ ಇಲ್ಲದೆ ಅಷ್ಟು ಪ್ರಕಾಶಕರು ಈ ಬೆಟ್ಟ ಹತ್ತಿ ಬರುವುದಿಲ್ಲ.

ದಸರಾ ಹೊತ್ತಿನಲ್ಲಿ ಮಡಿಕೇರಿಗೂ ಗೋಣಿಕೊಪ್ಪಕ್ಕೂ ಜನ ಬಂದೇ ಬರುತ್ತಾರೆ. ಹಗಲು ಹೊತ್ತಿನಲ್ಲಿ ಗ್ರಂಥಾಲಯದವರು ಅಲ್ಲೊಂದು ಮಕ್ಕಳ ಓದಿನ ಮೂಲೆ ಮಾಡಬಾರದೇ? ದೊಡ್ಡವರಿಗಾದರೆ ಊರು ನೋಡುವ ನಡಿಗೆ ಇಡಿ. ಕೋಟೆ, ಅದರೊಳಗಿನ ಹಳೆಯ ಚರ್ಚಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ, ರಾಜರ ಗದ್ದಿಗೆ, ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’, ಎಲ್ಲವೂ ಒಂದು ಬೆಳಗಿನಲ್ಲಿ ನೋಡಿ ಮುಗಿಸಬಹುದಾದ ದೂರದಲ್ಲಿವೆ. ಹೊರಡುವ ಮೊದಲು ಗ್ರಂಥಾಲಯದಲ್ಲಿ ಕುಳಿತು 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಬಗೆಯನ್ನು ಓದಿದರೆ ಆ ಕಲ್ಲುಗೋಡೆಗಳು ಬೇರೆಯಾಗಿಯೇ ಕಾಣುತ್ತವೆ.

ಹಾರಂಗಿ ದಡದವಳು

ಅಣ್ಣ, ನಡಿಗೆಯ ಮಾತು ತುಂಬ ಹಿಡಿಸಿತು, ಅದನ್ನು ಖಂಡಿತ ಮಾಡೋಣ. ಸಮ್ಮೇಳನದಲ್ಲಿ ಕೊಂಡ ಪುಸ್ತಕಗಳು ನಿಮ್ಮ ಮಕ್ಕಳಿಗೆ ದಕ್ಕಿದವು, ಸಂತೋಷ. ಆದರೆ ನೀವು ಕೊಳ್ಳಬಲ್ಲಿರಿ, ಮಡಿಕೇರಿಯಲ್ಲೇ ಇದ್ದಿರಿ. ನಾನು ಪಾಠ ಮಾಡುವ ಮಕ್ಕಳಲ್ಲಿ ಹಲವರ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಅಚ್ಚಾದ ಕಾಗದವೆಂದರೆ ಕ್ಯಾಲೆಂಡರ್ ಮಾತ್ರ. ಅವರಿಗೆ ಗ್ರಂಥಾಲಯ ಬಿಟ್ಟು ಬೇರೆ ದಾರಿಯಿಲ್ಲ. ವರ್ಷಕ್ಕೊಂದು ಹಬ್ಬ ಅವರಿಗೆ ಓದುವ ಅಭ್ಯಾಸವನ್ನು ತರುವುದಿಲ್ಲ. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ‘ಉಳಿದದ್ದು ಮುಂದಿನ ಶನಿವಾರ’ ಎಂದರೆ ಆ ಶನಿವಾರ ಬಾಗಿಲು ತೆರೆದಿರಲೇಬೇಕು. ಒಮ್ಮೆ ಬಂದು ಬೀಗ ಕಂಡ ಮಗು ಮತ್ತೆ ಎರಡು ಕಿಲೋಮೀಟರ್ ನಡೆದು ಬರುವುದಿಲ್ಲ. ದೊಡ್ಡ ಸಮಾರಂಭವಿದ್ದರೆ ಇರಲಿ, ಅದರ ಖರ್ಚಿಗಾಗಿ ಶನಿವಾರಗಳು ನಿಲ್ಲಬಾರದು. ನನ್ನ ಹಟ ಅಷ್ಟೇ.

ಭಾಗಮಂಡಲದ ಕಡೆಯವನು

ಮಳೆಗಾಲದಲ್ಲಿ ಬಿಟ್ಟುಬಿಡಿ ಎನ್ನುವ ಧಾಟಿ ಇಲ್ಲಿ ಕಾಣುತ್ತಿದೆ. ನಮ್ಮ ಕಡೆ ಮಳೆಗಾಲವನ್ನು ಬಿಟ್ಟರೆ ವರ್ಷದ ಮೂರನೆಯ ಒಂದು ಭಾಗವನ್ನೇ ಬಿಟ್ಟಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಮನೆಯೊಳಗೇ ಇರುತ್ತಾರೆ, ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಮೊಬೈಲ್ ಸಿಗ್ನಲ್ ಹೋಗುತ್ತದೆ. ಓದಲು ಅದಕ್ಕಿಂತ ಒಳ್ಳೆಯ ಕಾಲ ಯಾವುದು? ಕಾರ್ಯಕ್ರಮ ಬೇಡ, ಒಪ್ಪುತ್ತೇನೆ. 2018ರ ಆಗಸ್ಟಿನ ಭೂಕುಸಿತ ನೆನಪಿರುವ ಯಾರೂ ಜೋರು ಮಳೆಯಲ್ಲಿ ಮಕ್ಕಳನ್ನು ಹೊರಗೆ ಕರೆಯುವುದಿಲ್ಲ. ಆದರೆ ಮೇ ಕೊನೆಯ ವಾರದಲ್ಲಿ ಪ್ರತಿ ಮನೆಗೂ ಐದಾರು ಪುಸ್ತಕ ಒಟ್ಟಿಗೆ ಕೊಟ್ಟು, ಮಳೆ ಇಳಿದ ಮೇಲೆ ವಾಪಸ್ ತೆಗೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಹಿಂತಿರುಗಿಸಬೇಕೆಂಬ ನಿಯಮವನ್ನು ಆ ನಾಲ್ಕು ತಿಂಗಳು ಸಡಿಲಿಸಿ.

ಪುಸ್ತಕಕ್ಕೆ ಬೂಷ್ಟು ಹಿಡಿಯುವ ವಿಚಾರ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ಗಾಳಿಯಾಡಲಿ. ಕಬ್ಬಿಣದ ಬೀರುವಾದರೆ ಒಳಗೊಂದು ಸಣ್ಣ ಬಲ್ಬ್ ಉರಿಸಿಡುವ ಪದ್ಧತಿ ನಮ್ಮ ಮನೆಗಳಲ್ಲಿದೆ, ಬಟ್ಟೆಗೂ ಕಾಗದಪತ್ರಕ್ಕೂ ಅದೇ ಉಪಾಯ. ಬಲ್ಬ್ ಪುಸ್ತಕಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಮನೆಗೆ ಕೊಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಳುಹಿಸಿ, ತಲುಪಿದ ಕೂಡಲೇ ಹೊರಗೆ ತೆಗೆಯಲು ಹೇಳಿ. ಪ್ಲಾಸ್ಟಿಕ್ಕಿನೊಳಗೇ ಉಳಿದರೆ ಒಂದೇ ವಾರದಲ್ಲಿ ವಾಸನೆ ಬರುತ್ತದೆ.

ಪದವಿ ವಿದ್ಯಾರ್ಥಿನಿ, ಪೊನ್ನಂಪೇಟೆ

ಲೈನ್ ಮನೆಯ ಮಕ್ಕಳ ಬಗ್ಗೆ ರೈಟರ್ ಸರ್ ಬರೆದದ್ದು ನನ್ನನ್ನು ಬಹಳ ಹೊತ್ತು ಕಾಡಿತು. ಒಂದು ಉಪಯೋಗವಾಗುವ ಸಂಗತಿ ಹೇಳುತ್ತೇನೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಅಲ್ಲಿರುವ ಚಿತ್ರಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದಾರೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಬೇರೆ ಭಾಷೆಗೆ ಅನುವಾದಿಸಬಹುದು. ಕನ್ನಡವೂ ಇದೆ, ಅಸ್ಸಾಮಿಯೂ ಇದೆ, ತಮಿಳೂ ಇದೆ. ಒಂದೇ ಕಥೆಯನ್ನು ಮೂರು ಭಾಷೆಯಲ್ಲಿ ಮುದ್ರಿಸಿಟ್ಟರೆ ಮಗು ತನ್ನ ಭಾಷೆಯದನ್ನು ಹಿಡಿದುಕೊಂಡು ಕನ್ನಡದ್ದನ್ನು ಪಕ್ಕದಲ್ಲಿಟ್ಟು ನೋಡುತ್ತದೆ.

ಇನ್ನೂ ಮುಂದೆ ಹೋಗಬಹುದು. ಹಾಡಿಯ ಹಿರಿಯರ ಜೊತೆ ಕುಳಿತು ಒಂದು ಸಣ್ಣ ಕಥೆಯನ್ನು ಯರವ ಭಾಷೆಗೆ ತಿರುಗಿಸಿ, ಕನ್ನಡ ಲಿಪಿಯಲ್ಲಿ ಬರೆದು, ಚಿತ್ರದ ಕೆಳಗೆ ಅಂಟಿಸುವ ಕೆಲಸವನ್ನು ನಮ್ಮ ಕಾಲೇಜಿನ ಎನ್‌ಎಸ್‌ಎಸ್ ತಂಡ ಮಾಡಲು ಸಿದ್ಧವಿದೆ. ಅಧ್ಯಾಪಕರಲ್ಲಿ ಈಗಾಗಲೇ ಮಾತನಾಡಿದ್ದೇನೆ. ತಮ್ಮ ಮಾತನ್ನು ಅಕ್ಷರದಲ್ಲಿ ಕಂಡಾಗ ಆ ಮಕ್ಕಳ ಮುಖ ಹೇಗಿರುತ್ತದೆಂದು ನೋಡಲು ನನಗೆ ಆಸೆ.

ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದ ಇದೆ, ಮೊಬೈಲಿನಲ್ಲಿ ಉಚಿತವಾಗಿ ಓದಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನ ಗೆಳತಿಯರಿಗೆ ಅದು ನೆರವಾಗಿದೆ. ಸಣ್ಣ ಮಕ್ಕಳಿಗೆ ಮಾತ್ರ ಕಾಗದದ ಪುಸ್ತಕವೇ ಬೇಕು.

ಸಂಪಾಜೆ ಘಾಟಿ

ಗಂಡಸರು ಬರುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ, ಇಲ್ಲಿ ಯಾರೂ ಎತ್ತಿಲ್ಲ. ನಮ್ಮ ಕಡೆ ತಾಳಮದ್ದಳೆ ಇಟ್ಟರೆ ಬರುತ್ತಾರೆ. ವೇಷವಿಲ್ಲ, ರಂಗಸ್ಥಳ ಬೇಡ, ಭಾಗವತರು, ಚೆಂಡೆ ಮದ್ದಳೆಯವರು, ಅರ್ಥ ಹೇಳುವ ನಾಲ್ವರು ಸಾಕು. ಗ್ರಂಥಾಲಯದ ಹಜಾರದಲ್ಲೇ ಆಗುತ್ತದೆ. ಮೇಜಿನ ಮೇಲೆ ಆ ಪ್ರಸಂಗಕ್ಕೆ ಸಂಬಂಧಪಟ್ಟ ಪುಸ್ತಕಗಳನ್ನು ಜೋಡಿಸಿಡಿ. ಕರ್ಣನ ವಾದ ಕೇಳಿ ಬಿಸಿಯಾದವರು ‘ಮೂಲದಲ್ಲಿ ಹಾಗಿದೆಯೇ’ ಎಂದು ಹುಡುಕಲು ಶುರು ಮಾಡುತ್ತಾರೆ. ನನ್ನ ಮಾವ ಹಾಗೆಯೇ ಓದುಗರಾದವರು. ಅದಕ್ಕೆ ಮೊದಲು ದಿನಪತ್ರಿಕೆಯ ಅಡಿಕೆ ಧಾರಣೆ ಬಿಟ್ಟು ಬೇರೇನನ್ನೂ ಓದಿದವರಲ್ಲ.

ಗ್ರಾಮೀಣ ಗ್ರಂಥಾಲಯ ಮೇಲ್ವಿಚಾರಕಿ

ಪ್ರಚಾರದ ಬಗ್ಗೆ ಒಂದು ಮಾತು. ಫಲಕ ಮುದ್ರಿಸಲು ಹಣ ಹಾಕಬೇಡಿ. ಮಡಿಕೇರಿ ಆಕಾಶವಾಣಿ, 103.1, ತೋಟದ ಕೆಲಸದವರವರೆಗೂ ಮುಟ್ಟುತ್ತದೆ. ಒಂದು ವಾರ ಮೊದಲೇ ಪತ್ರ ತಲುಪಿಸಿ ಕೇಳಿಕೊಳ್ಳಿ. 1957ರಿಂದ ಬರುತ್ತಿರುವ ನಮ್ಮ ‘ಶಕ್ತಿ’ ಪತ್ರಿಕೆಗೂ ಎರಡು ಸಾಲು ಕಳುಹಿಸಿ, ಊರಿನ ಸಭೆ ಸಮಾರಂಭಗಳನ್ನು ಜನ ಅದರಲ್ಲೇ ಹುಡುಕುವುದು. ಮಡಿಕೇರಿಯವರಾದರೆ ಶುಕ್ರವಾರದ ಸಂತೆಯಲ್ಲಿ, ಗೋಣಿಕೊಪ್ಪದವರಾದರೆ ಭಾನುವಾರದ ಸಂತೆಯಲ್ಲಿ ಬಾಯಿಮಾತಿನಲ್ಲಿ ಹೇಳಿ. ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿಯವರಿಗೂ ಮೊದಲು ತಿಳಿಸಿ, ಮನೆಯ ಒಳಗಿನವರೆಗೆ ಹೋಗಿ ಕರೆಯಬಲ್ಲವರು ಅವರು.

ಶಿಕ್ಷಕಿಯವರೇ, ನಿಮ್ಮ ಪಂಚಾಯತಿಯಲ್ಲಿ ಶನಿವಾರ ಮಧ್ಯಾಹ್ನ ಕೇಂದ್ರ ತೆರೆದಿರುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅಲ್ಲಿನ ಮೇಲ್ವಿಚಾರಕರಿಗೆ ಊಟಕ್ಕೂ ಬಿಡುವಿಲ್ಲದಂತೆ ಮಾಡಬೇಡಿ, ಪಾಳಿಯಲ್ಲಿ ಇಬ್ಬರು ಸ್ವಯಂಸೇವಕರು ಜೊತೆಗಿದ್ದರೆ ಅವರೂ ಸಂತೋಷದಿಂದ ನಿಲ್ಲುತ್ತಾರೆ.

ತೋಟದ ರೈಟರ್, ಸಿದ್ದಾಪುರ

ಪೊನ್ನಂಪೇಟೆಯ ತಂಗಿ, ಅಸ್ಸಾಮಿ ಪುಸ್ತಕ ಮುದ್ರಿಸುವುದಾದರೆ ನಮ್ಮ ತೋಟದ ಕಚೇರಿಯಲ್ಲಿ ಬಣ್ಣದ ಪ್ರಿಂಟರ್ ಇದೆ. ಮಾಲೀಕರು ಕಾಗದದ ಖರ್ಚನ್ನೂ ಕೊಡುತ್ತೇನೆಂದಿದ್ದಾರೆ. ಅಚ್ಚಾದದ್ದು ಸರಿಯಾಗಿದೆಯೇ ಎಂದು ಓದಿ ಹೇಳಲು ಲೈನಿನಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳೇ ಮಕ್ಕಳಿಗೆ ಓದಿ ಹೇಳಲೂ ಒಪ್ಪಿದ್ದಾಳೆ.

ಹಾರಂಗಿ ದಡದವಳು

ಎಲ್ಲರಿಗೂ ಋಣಿ. ನಿನ್ನೆ ನಮ್ಮ ಪಂಚಾಯತಿಯ ಪಿಡಿಒ ಅವರನ್ನು ಕಂಡು ಬಂದೆವು. ಶನಿವಾರ ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ, ಮಕ್ಕಳಿಗೆ. ಕಥೆ ಒಂದು ಗಂಟೆ, ಉಳಿದ ಹೊತ್ತು ಪುಸ್ತಕ ಆರಿಸಿಕೊಂಡು ಹೆಸರು ಬರೆಸಲು. ದೊಡ್ಡವರ ಕೂಟ ಕೈಲ್‌ಪೊಳ್ದ್ ಕಳೆದ ವಾರದಿಂದ, ಮೊದಲು ಗೌರಮ್ಮನವರ ಕಥೆಯಿಂದಲೇ. ಮಳೆಗಾಲಕ್ಕೆ ಪುಸ್ತಕದ ಚೀಲ ಕೊಡುವ ಮಾತನ್ನು ಅವರು ತಕ್ಷಣ ಒಪ್ಪಿದರು. ಹರಿದ ಪುಸ್ತಕಗಳ ಲೆಕ್ಕ ಹೇಗೆ ಬರೆಯಬೇಕೆಂಬುದೊಂದೇ ಉಳಿದಿದೆ. ಮೇಲ್ವಿಚಾರಕಿ ಅಕ್ಕ, ನಿಮ್ಮ ಪಂಚಾಯತಿ ಅದಕ್ಕೆ ಮಾಡಿಕೊಂಡ ಠರಾವಿನ ಪ್ರತಿ ಇದ್ದರೆ ಕಳುಹಿಸಿಕೊಡಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಇಡುತ್ತೇವೆ.

ಗ್ರಾಮೀಣ ಗ್ರಂಥಾಲಯ ಮೇಲ್ವಿಚಾರಕಿ

ಠರಾವು ಇನ್ನೂ ಆಗಿಲ್ಲ, ನಮ್ಮಲ್ಲಿ ಬಾಯಿಮಾತಿನಲ್ಲೇ ನಡೆದಿದೆ. ಕರಡನ್ನು ಒಟ್ಟಿಗೆ ಬರೆಯೋಣ, ಎರಡೂ ಪಂಚಾಯತಿಗೆ ಆಗುತ್ತದೆ. ಭಾನುವಾರ ಬೆಳಗ್ಗೆ ಕುಶಾಲನಗರಕ್ಕೆ ಬರುತ್ತೇನೆ, ನೀವು ದಾಸ್ತಾನು ಪುಸ್ತಕದ ಒಂದು ಖಾಲಿ ಹಾಳೆಯ ನಕಲು ತನ್ನಿ.